ಬೆಳ್ತಂಗಡಿಯಲ್ಲಿ ಉಳಿದ ಹೆಬ್ಬೆರಳು

ನಮ್ಮ ಧಣಿ ರಮಾನಾಥಣ್ಣನಿಗೆ ಎರಡು ವಿಷಯಗಳಲ್ಲಿ ಅಲುಗಾಡದ ನಂಬಿಕೆ. ಒಂದು, ಮನೆಯಲ್ಲಿ ಕುಳಿತವರು ಕೆಲಸ ಮಾಡುವುದಿಲ್ಲ. ಇನ್ನೊಂದು, ದಿನದ ಮೊದಲ ಬಿಲ್ಲು ಯಜಮಾನನ ಕೈಯಿಂದಲೇ ಆಗಬೇಕು. ಈ ಎರಡರ ನಡುವೆ ಸಿಕ್ಕಿ ನಾನು ಪಟ್ಟ ಪಾಡು ಯಾರಿಗೂ ಬೇಡ.

ನಮ್ಮದು ಆಸ್ಪತ್ರೆಗಳಿಗೆ ಸಾಮಾನು ಒದಗಿಸುವ ಏಜೆನ್ಸಿ. ಸಲೈನ್, ಸಿರಿಂಜ್, ಕೈಗವಸು, ಡಯಾಲಿಸಿಸ್‌ಗೆ ಬೇಕಾದ ದ್ರಾವಣದ ಕ್ಯಾನು, ಹೀಗೆ. ಆಫೀಸು ಬಂಟ್ವಾಳ ಪೇಟೆಯಲ್ಲಿ, ನೇತ್ರಾವತಿಗೆ ಬೆನ್ನು ಹಾಕಿ ನಿಂತ ಹಳೆಯ ಕಟ್ಟಡದಲ್ಲಿ. ಗೋದಾಮು ಬಿ.ಸಿ. ರೋಡಿನ ಎತ್ತರದ ಜಾಗದಲ್ಲಿ. ರಮಾನಾಥಣ್ಣನ ಮನೆ ಬೆಳ್ತಂಗಡಿಯಲ್ಲಿ. ಆರ್ಡರು ಹಿಡಿಯುವುದು, ಬಿಲ್ಲು ಮಾಡುವುದು, ಯಾವ ಗಾಡಿಯಲ್ಲಿ ಏನು ಹೋಗಬೇಕು ಎಂದು ನೋಡುವುದು ನನ್ನ ಕೆಲಸ. ನನ್ನ ಹೆಸರು ದಮಯಂತಿ. ಇರುವುದು ಮೂಡುಬಿದಿರೆಯಲ್ಲಿ, ಅಪ್ಪನ ಜೊತೆ. ಗಂಡ ಅಬುಧಾಬಿಯ ಹೋಟೆಲೊಂದರಲ್ಲಿ. ವರ್ಷಕ್ಕೊಮ್ಮೆ ಬಂದು, ಮನೆಯ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿ ಹೋಗುತ್ತಾರೆ.

ಅಪ್ಪನಿಗೆ ಕಿಡ್ನಿ ಕೈಕೊಟ್ಟ ಮೇಲೆ ವಾರದಲ್ಲಿ ಮೂರು ದಿನ ಡಯಾಲಿಸಿಸ್. ಆ ಮೂರು ದಿನ ನಾನು ಬಂಟ್ವಾಳಕ್ಕೆ ಹೋಗುವುದಿಲ್ಲ. ಅಪ್ಪನನ್ನು ಒಳಗೆ ಮಲಗಿಸಿ, ಊರಿನ ಡಯಾಲಿಸಿಸ್ ಕೇಂದ್ರದ ಹೊರಗಿನ ಬೆಂಚಿನಲ್ಲಿ ಕುಳಿತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಏಜೆನ್ಸಿ ನಡೆಸುತ್ತೇನೆ. ಇದಕ್ಕೆ ‘ಮನೆಯಿಂದ ಕೆಲಸ’ ಎಂದು ಹೆಸರು. ಇದರಲ್ಲಿ ಮನೆ ಎಲ್ಲಿ ಬಂತು ಎಂದು ಕೇಳಬೇಡಿ. ಕೊರೊನಾ ಕಾಲದಲ್ಲಿ ಎಲ್ಲರೂ ಹೀಗೆಯೇ ದುಡಿದಿದ್ದೆವು, ಏಜೆನ್ಸಿ ಮುಳುಗಿರಲಿಲ್ಲ. ಆದರೂ ಬೆಂಚಿನಲ್ಲಿ ಪಕ್ಕ ಕುಳಿತವರಿಂದ ಹಿಡಿದು ರಮಾನಾಥಣ್ಣನವರೆಗೆ ಎಲ್ಲರ ಕಣ್ಣಿಗೂ ನಾನು ಸುಮ್ಮನೆ ಕುಳಿತವಳು. “ಎಂತ, ಇಡೀ ದಿನ ಸಿನೆಮಾ ನೋಡುವುದಾ?” ಎಂದು ಒಬ್ಬರು ಪ್ರತಿ ಸಲ ಕೇಳುತ್ತಾರೆ. ಮೊದಲೆಲ್ಲ ವಿವರಿಸುತ್ತಿದ್ದೆ. ಈಗ “ಹೌದು” ಎಂದುಬಿಡುತ್ತೇನೆ.

ಇನ್ನು ಹೆಬ್ಬೆರಳಿನ ವಿಷಯ. ವ್ಯಾಪಾರ ತಣ್ಣಗಾಗಿದ್ದ ಒಂದು ವರ್ಷ ರಮಾನಾಥಣ್ಣ ಜೋಯಿಸರೊಬ್ಬರಲ್ಲಿ ಕವಡೆ ಹಾಕಿಸಿ ಪ್ರಶ್ನೆ ಇಡಿಸಿದರು. ದಿನದ ಮೊದಲ ಲೆಕ್ಕ ಯಜಮಾನನ ಕೈಯಿಂದ ತೆರೆಯಲಿ ಎಂದು ಅವರು ಹೇಳಿದರಂತೆ. ಬೇರೆಯವರಾಗಿದ್ದರೆ ಗಣಪತಿಗೆ ದೀಪ ಹಚ್ಚಿ, ಮೊದಲ ಬಿಲ್ಲು ತಾವೇ ಮಾಡಿ, ಅಲ್ಲಿಗೆ ಮುಗಿಸುತ್ತಿದ್ದರು. ನಮ್ಮವರು ಆಧುನಿಕ ಮನುಷ್ಯ. ಮಿಜಾರಿನಲ್ಲಿ ಮನೆಯಲ್ಲೇ ಕುಳಿತು ನಮ್ಮ ಕಂಪ್ಯೂಟರ್ ವ್ಯವಹಾರ ನೋಡಿಕೊಳ್ಳುವ ಲತೇಶನನ್ನು ಕರೆಸಿ, ಜೋಯಿಸರ ಮಾತನ್ನು ಸಾಫ್ಟ್‌ವೇರಿಗೇ ಸೇರಿಸಿದರು. ಬೆರಳಚ್ಚು ಓದುವ ಪುಟ್ಟ ಯಂತ್ರವೊಂದು ಬಂತು. ಬೆಳಿಗ್ಗೆ ಅದರ ಮೇಲೆ ರಮಾನಾಥಣ್ಣನ ಹೆಬ್ಬೆರಳು ಬೀಳುವವರೆಗೆ ಯಾರು ಎಲ್ಲಿ ಕುಳಿತರೂ ಒಂದು ಬಿಲ್ಲೂ ಹೊರಡದು. ಬೆರಳು ಬಿದ್ದ ಮೇಲೆ ಎಲ್ಲ ಸಲೀಸು. ಊರು ಬಿಟ್ಟು ಹೋಗುವುದಿದ್ದರೆ ಅವರು ಆ ಯಂತ್ರವನ್ನೂ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. ತಂಗಿಯ ಮಗಳ ಮದುವೆಯಲ್ಲಿ, ಮುಹೂರ್ತಕ್ಕೆ ಮೊದಲು, ಕಲ್ಯಾಣಮಂಟಪದ ಮೂಲೆಯಲ್ಲಿ ಕುಳಿತು ಬೆರಳು ಒತ್ತಿದ್ದನ್ನು ನಾನೇ ಕಂಡಿದ್ದೇನೆ.

ಈ ಜೂನ್ ಮುಗಿಯುತ್ತಿದ್ದಂತೆ ಅವರು ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದರು. ಆಗಸ್ಟ್ ಒಂದರಿಂದ ಎಲ್ಲರೂ ಆಫೀಸಿಗೆ ಬರತಕ್ಕದ್ದು, ಮನೆಯಿಂದ ಕೆಲಸ ಬಂದ್. ಕೊನೆಗೆ ಎರಡು ಕೈ ಮುಗಿದ ಚಿತ್ರ.

ನಾನು ಕೂಡಲೇ ಫೋನ್ ಮಾಡಿದೆ.

“ಅಪ್ಪನ ವಿಷಯ ನನಗೆ ಗೊತ್ತುಂಟು ಮಾರಾಯ್ತಿ,” ಎಂದರು. “ಆದ್ರೆ ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗ್ತದೆ. ಅವರಿಗೆ ಒಂದು ರಿಕ್ಷಾ ಗೊತ್ತು ಮಾಡಿ ಕೊಡು.”

“ಡಯಾಲಿಸಿಸ್ ಮುಗಿದ ಮೇಲೆ ಅವರಿಗೆ ನೆಟ್ಟಗೆ ನಿಲ್ಲಲಿಕ್ಕೆ ಆಗುವುದಿಲ್ಲ ಅಣ್ಣಾ. ರಿಕ್ಷಾದವನು ಹಿಡ್ಕೊಳ್ತಾನಾ?”

“ಹಾಗಲ್ಲ, ಮನೆಯಲ್ಲಿ ಕೂತ್ರೆ ಶಿಸ್ತು ಇರುವುದಿಲ್ಲ. ನಿನ್ನ ವಿಷಯ ಹೇಳಿದ್ದಲ್ಲ, ಒಟ್ಟಾರೆ ಹೇಳಿದ್ದು.”

ಒಟ್ಟಾರೆ ಹೇಳಿದ್ದು ಯಾವಾಗಲೂ ನನ್ನ ತಲೆಯ ಮೇಲೆಯೇ ಬಂದು ಬೀಳುತ್ತದೆ. ಕೆಲಸ ಬಿಟ್ಟರೆ ಅಪ್ಪನ ಚಿಕಿತ್ಸೆ ನಡೆಯುವುದಿಲ್ಲ. ಕೆಲಸಕ್ಕೆ ಹೋದರೆ ಅವರನ್ನು ಚಿಕಿತ್ಸೆಗೆ ಕರೆದೊಯ್ಯುವವರಿಲ್ಲ. ಇದನ್ನು ಅಪ್ಪನಿಗೆ ಹೇಳಬಾರದೆಂದು ನಿಶ್ಚಯಿಸಿದ್ದೆ. ಆದರೆ ಜೀವಮಾನವಿಡೀ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು ಅವರು. ಟಿಕೆಟ್ ಇಲ್ಲದೆ ಹತ್ತಿದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದವರಿಗೆ ನನ್ನ ಮುಖ ಓದುವುದು ಯಾವ ಲೆಕ್ಕ? ಊಟಕ್ಕೆ ಕುಳಿತಾಗ ಎಲ್ಲವನ್ನೂ ಬಾಯಿ ಬಿಡಿಸಿದರು. ಕೇಳಿ, ಗಂಜಿಯನ್ನು ಪೂರ್ತಿ ಮುಗಿಸಿ, ಕೈ ತೊಳೆದು ಬಂದು ಹೇಳಿದರು:

“ಹಾಗಾದ್ರೆ ಆಗಸ್ಟಿನಿಂದ ನೀನು ಆಫೀಸಿಗೆ ಹೋಗು ಮಗಾ. ನಾನು ಇನ್ನು ಆ ಮೆಷಿನಿಗೆ ಹೋಗುವುದಿಲ್ಲ.”

“ಹೋಗದಿದ್ರೆ ಎಂತ ಆಗ್ತದೆ ಗೊತ್ತುಂಟಾ ನಿಮಗೆ?”

“ಗೊತ್ತುಂಟು. ನನ್ನ ಸ್ಟಾಪ್ ಬರ್ತದೆ, ಇಳೀತೇನೆ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೈಯಲ್ಲಿದ್ದ ಪಾತ್ರೆಯನ್ನು ಸಿಂಕಿನಲ್ಲಿ ಕುಕ್ಕಿದೆ. ಬೈದೆ. ಅತ್ತೂಬಿಟ್ಟೆ. ಅವರು ಮಾತ್ರ ಟಿ.ವಿ. ಹಾಕಿ ವಾರ್ತೆ ನೋಡುತ್ತ ಕುಳಿತರು. ಅಪ್ಪ ತಮಾಷೆಗೆ ಹೇಳಿದ್ದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮೇಲೆ ಪ್ರತಿ ಸಲ ಡಯಾಲಿಸಿಸ್‌ಗೆ ಹೊರಡಿಸುವುದೂ ಒಂದು ಯುದ್ಧವಾಯಿತು. ಅಂಗಿ ಹಾಕಲು ತಡ, ಚಪ್ಪಲಿ ಕಾಣುವುದಿಲ್ಲ, ಇವತ್ತು ಬೇಡ, ನಾಡಿದ್ದು ನೋಡುವ.

ಜುಲೈ ಕೊನೆಯಲ್ಲಿ ನೇತ್ರಾವತಿ ಉಕ್ಕಿತು. ಬಂಟ್ವಾಳದವರಿಗೆ ಇದು ಹೊಸತಲ್ಲ. ನೀರು ಮೆಟ್ಟಿಲಿಗೆ ಬಂದಾಗ ಸಾಮಾನು ಮೇಲಿಡುತ್ತಾರೆ, ಇಳಿದಾಗ ಕೆಸರು ತೆಗೆದು ತೊಳೆಯುತ್ತಾರೆ. ಈ ಸಲ ನೀರಿಗೆ ಗಡಿಬಿಡಿ ಹೆಚ್ಚಿತ್ತು. ಸಂಜೆ ಬೀಗ ಹಾಕುವಾಗ ರಸ್ತೆಯಲ್ಲಿದ್ದದ್ದು ಬೆಳಗಾಗುವಾಗ ಆಫೀಸಿನ ಮೇಜಿನ ಕಾಲು ಮುಳುಗಿಸಿತ್ತು. ಗೋದಾಮು ನೋಡಿಕೊಳ್ಳುವ ಶೇಖರ ಸೊಂಟದವರೆಗಿನ ನೀರಿನಲ್ಲಿ ಒಳಗೆ ಹೋಗಿ ಮೂರು ವಸ್ತುಗಳನ್ನು ಪಾರು ಮಾಡಿ ಬಿ.ಸಿ. ರೋಡಿಗೆ ತಂದ. ಧಣಿಗಳ ಲ್ಯಾಪ್‌ಟಾಪ್, ಗಣಪತಿಯ ಫೋಟೊ ಮತ್ತು ಬೆರಳಚ್ಚಿನ ಯಂತ್ರ.

ಅತ್ತ ಬೆಳ್ತಂಗಡಿಯಲ್ಲಿ ರಮಾನಾಥಣ್ಣನ ಮನೆಯೆದುರಿನ ತೋಡು ತುಂಬಿ ಕಿರುಸೇತುವೆ ಮುಳುಗಿತ್ತು. ಅವರು ಆಚೆ ದಂಡೆಯಲ್ಲಿ, ಕರೆಂಟಿಲ್ಲದ ಮನೆಯಲ್ಲಿ. ಬೆರಳು ಬೆಳ್ತಂಗಡಿಯಲ್ಲಿ, ಯಂತ್ರ ಬಿ.ಸಿ. ರೋಡಿನಲ್ಲಿ, ಬಿಲ್ಲು ಮಾಡಬೇಕಾದ ನಾನು ಮೂಡುಬಿದಿರೆಯ ಬೆಂಚಿನಲ್ಲಿ. ಸಾಮಾನೆಲ್ಲ ನೀರು ತಾಗದ ಗೋದಾಮಿನಲ್ಲಿ ಭದ್ರವಾಗಿತ್ತು. ಗಾಡಿಗಳಲ್ಲಿ ಡೀಸೆಲ್ ಇತ್ತು. ಸಿದ್ಧಕಟ್ಟೆಯ ಮೂಲಕ ಮೂಡುಬಿದಿರೆಗೆ, ಅಲ್ಲಿಂದ ವೇಣೂರಿನ ದಾರಿಯಾಗಿ ಬೆಳ್ತಂಗಡಿ, ಉಜಿರೆಗೆ ರಸ್ತೆ ತೆರೆದಿತ್ತು. ಮಿಜಾರಿನಲ್ಲಿ ಲತೇಶ, ಗೋದಾಮಿನಲ್ಲಿ ಶೇಖರ, ಬೆಂಚಿನಲ್ಲಿ ನಾನು, ಎಲ್ಲರೂ ಸಿದ್ಧ. ಬಿಲ್ಲಿಲ್ಲದೆ ಗಾಡಿ ಹೊರಡುವಂತಿಲ್ಲ. ದಾರಿಯಲ್ಲಿ ತಪಾಸಣೆಯವರು ಹಿಡಿದರೆ ಮುಗಿಯಿತು. ಹೆಬ್ಬೆರಳಿಲ್ಲದೆ ಬಿಲ್ಲು ಹೊರಡುವುದಿಲ್ಲ.

ಉಜಿರೆಯಿಂದ ಸಲೈನ್ ಕೇಳಿ ಫೋನು. ಬೆಳ್ತಂಗಡಿಯಿಂದ ಕೈಗವಸು ಕೇಳಿ ಫೋನು. ಅಷ್ಟರಲ್ಲಿ ಸಿಸ್ಟರ್ ಸೈನಬ ಕೇಂದ್ರದ ಬಾಗಿಲು ತೆರೆದು ಹೊರಗೆ ಬಂದರು. ನಾನು ಕುಳಿತಿದ್ದ ಕೇಂದ್ರಕ್ಕೂ ದ್ರಾವಣ ಒದಗಿಸುವುದು ನಮ್ಮ ಏಜೆನ್ಸಿಯೇ.

“ದಮಯಂತಿಯಕ್ಕ, ಇವತ್ತು ಕ್ಯಾನು ಬರ್ಲೇಬೇಕು. ಬೆಳಗ್ಗಿನ ಪಾಳಿಗೆ ಸಾಕಾಗ್ತದೆ. ಮಧ್ಯಾಹ್ನದವರಿಗೆ ಇಲ್ಲ.”

ಮಧ್ಯಾಹ್ನದ ಪಾಳಿಯವರಲ್ಲಿ ಕೆಲವರು, ಎಲ್ಲಿ ಬಸ್ಸು ನಿಂತುಹೋಗುತ್ತದೋ ಎಂದು ಹೆದರಿ, ಬೇಗನೆ ಬಂದು ನನ್ನ ಬೆಂಚಿನಲ್ಲೇ ಕುಳಿತಿದ್ದರು. ಅವರ ಊದಿದ ಪಾದಗಳನ್ನು ನೋಡಬಾರದೆಂದು ನಾನು ಪರದೆಯನ್ನೇ ನೋಡಿದೆ. ರಮಾನಾಥಣ್ಣನಿಗೆ ಮತ್ತೆ ಮತ್ತೆ ಫೋನ್ ಮಾಡಿ ಕೊನೆಗೂ ಹಿಡಿದೆ.

“ಅಣ್ಣಾ, ಬೆರಳಿನ ಬೀಗ ತೆಗಿಲಿಕ್ಕೆ ಲತೇಶನಿಗೆ ಹೇಳಿ. ಅವನಿಗೆ ಮನೆಯಿಂದಲೇ ಆಗ್ತದೆ.”

“ಅದು ಮಾತ್ರ ಬೇಡ,” ಎಂದರು. “ತೆಗೆದ ವರ್ಷ ಎಂತ ಆಗಿತ್ತು ನೆನಪುಂಟಲ್ಲ?”

“ತೆಗೆದೇ ಇಲ್ಲ ಅಣ್ಣಾ ನಾವು. ಹಾಕಿದ ಮೇಲೆ ತೆಗೆದೇ ಇಲ್ಲ.”

“ಅದೇ ಹೇಳಿದ್ದು. ತೆಗೆಯದ ಕಾರಣ ಒಳ್ಳೆದಾಗಿದೆ. ನಿಲ್ಲು, ಒಂದು ಉಪಾಯ ಉಂಟು.”

ಉಪಾಯ ವಾಟ್ಸಾಪಿನಲ್ಲಿ ಬಂತು. ರಮಾನಾಥಣ್ಣ ತಮ್ಮ ಹೆಬ್ಬೆರಳಿಗೆ ಮಗನ ಸ್ಟ್ಯಾಂಪ್ ಪ್ಯಾಡಿನ ನೇರಳೆ ಶಾಯಿ ಬಳಿದು, ಬಿಳಿ ಹಾಳೆಯ ಮೇಲೆ ಒತ್ತಿ, ಅದರ ಫೋಟೊ ತೆಗೆದು ಗುಂಪಿಗೆ ಕಳುಹಿಸಿದ್ದರು. ಕೆಳಗೆ, ಶೇಖರ, ಇದನ್ನು ಯಂತ್ರಕ್ಕೆ ತೋರಿಸು, ಎಂಬ ಆಜ್ಞೆ.

ಪಾಪದ ಶೇಖರ ತೋರಿಸಿದ. ಫೋನನ್ನು ಯಂತ್ರದ ಮೇಲೆ ಕವುಚಿ ಹಾಕಿ ಒತ್ತಿದ. ಆಗಲಿಲ್ಲ. ಫೋಟೊ ದೊಡ್ಡದು ಮಾಡಿ ಒತ್ತಿದ. ಮತ್ತೆ ಚಿಕ್ಕದು ಮಾಡಿ ಒತ್ತಿದ. “ಅಕ್ಕಾ, ನನ್ನ ಫೋನಿನ ಗ್ಲಾಸೇ ಹೋಗ್ತದಾ ಅಂತ,” ಎಂದು ನನಗೆ ವಿಡಿಯೊ ಕಾಲ್ ಮಾಡಿ ತೋರಿಸಿದ. ಹಿಂದೆ ಅಕ್ಕಿಮುಡಿಯ ಹಾಗೆ ಪೇರಿಸಿಟ್ಟ ಸಲೈನ್ ಪೆಟ್ಟಿಗೆಗಳು, ಅವುಗಳ ಮೇಲೆ ಒದ್ದೆ ಗಣಪತಿ. ರಮಾನಾಥಣ್ಣ ಬಿಡಲಿಲ್ಲ. ಶಾಯಿ ತೆಳುವಾಯಿತೇನೋ ಎಂದು ಇನ್ನೊಮ್ಮೆ ಒತ್ತಿ ಕಳುಹಿಸಿದರು. ಎಡಗೈಯದ್ದೂ ಇರಲಿ ಎಂದು ಅದನ್ನೂ ಕಳುಹಿಸಿದರು. ಸಾಮಾನು ಬೇಕೆಂದು ಕಾಯುತ್ತಿದ್ದ ಆಸ್ಪತ್ರೆಗಳ ಸಂದೇಶಗಳ ನಡುವೆ ನಮ್ಮ ಧಣಿಗಳ ಬೆರಳುಗಳು ಒಂದೊಂದಾಗಿ ಬಂದು ಬೀಳುತ್ತಿದ್ದವು. ನನಗೆ ನಗು ಬರಬೇಕಿತ್ತು, ಅಳು ಬಂತು.

“ಅಣ್ಣಾ, ಅದು ಜೀವ ಇರುವ ಬೆರಳನ್ನು ಮಾತ್ರ ಓದುವುದಂತೆ. ಲತೇಶ ಹೇಳ್ತಾನೆ.”

“ಹಾಗಾದ್ರೆ ನೀರು ಇಳಿಯಲಿ. ಕಾಯುವ. ನೋಡು, ಇದಕ್ಕೇ ನಾನು ಹೇಳುವುದು, ಎಲ್ಲರೂ ಆಫೀಸಿನಲ್ಲಿ ಇರ್ಬೇಕು ಅಂತ. ಮನೆಯಿಂದ ಕೆಲಸ ಅಂದ್ರೆ ಕಷ್ಟಕಾಲಕ್ಕೆ ಹೀಗೇ...”

ಅಷ್ಟಕ್ಕೆ ಅವರ ಫೋನು ಸತ್ತಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಆಫೀಸು ನೀರಿನಲ್ಲಿದೆ, ಅಲ್ಲಿ ಯಾರು ಇರಬೇಕಿತ್ತು, ಮೀನುಗಳಾ? ಕಷ್ಟಕಾಲಕ್ಕೆ ಒದಗಿದವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಸಜ್ಜಾಗಿ ಕುಳಿತಿದ್ದೇವೆ, ಒದಗದೆ ಹೋದದ್ದು ಒಂದೇ ಒಂದು ಬೆರಳು. ಇವತ್ತು ಗಾಡಿ ಹೊರಡದಿದ್ದರೆ ಅವರ ಮಾತೇ ನಿಜವಾಗುತ್ತದೆ. ಆಗಸ್ಟ್ ಒಂದಕ್ಕೆ ನಾನು ಬಂಟ್ವಾಳದ ಬಸ್ಸು ಹತ್ತುತ್ತೇನೆ, ಅಪ್ಪ ತಮ್ಮ ಸ್ಟಾಪಿನಲ್ಲಿ ಇಳಿಯುತ್ತಾರೆ. ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ರೇಗಿತು. ಲತೇಶನಿಗೆ ಫೋನ್ ಮಾಡಿದೆ.

“ತೆಗಿ ಬೀಗ.”

“ಅಕ್ಕಾ, ಕೆಲಸ ಎಂತದೂ ಇಲ್ಲ, ಈಗ ತೆಗೀತೇನೆ. ಆದ್ರೆ ರಮಾನಾಥಣ್ಣ ಬೈದ್ರೆ?”

“ದಮಯಂತಿ ಹೇಳಿದ್ದು ಅಂತ ಹೇಳು. ಬೈಯುವುದಿದ್ರೆ ನನಗೆ ಬೈಲಿ. ಕೆಲಸದಿಂದ ತೆಗೆಯುವುದಿದ್ರೆ ನನ್ನನ್ನೇ ತೆಗೀಲಿ. ಹೇಗೂ ಹೋಗುವ ಕೆಲಸ.”

ಸ್ವಲ್ಪದರಲ್ಲೇ ನನ್ನ ಪರದೆಯ ಮೇಲೆ ಹೆಬ್ಬೆರಳಿನ ಚಿತ್ರ ಮಾಯವಾಯಿತು. ಅದರ ಜಾಗದಲ್ಲಿ ಒಂದು ಹಸಿರು ಗುಂಡಿ, ‘ದಿನ ಆರಂಭಿಸಿ’. ಒತ್ತಿದರೆ ಆಯಿತು. ನನಗೆ ಈ ಜೋಯಿಸರಲ್ಲಿ, ಪ್ರಶ್ನೆಯಲ್ಲಿ ಎಳ್ಳಷ್ಟೂ ನಂಬಿಕೆ ಇಲ್ಲ. ಆದರೂ ಹೇಳುತ್ತೇನೆ, ಬೆರಳು ಮುಂದೆ ಹೋಗಲಿಲ್ಲ. ಇಷ್ಟು ವರ್ಷ ಅವರ ಜೊತೆ ಇದ್ದು ಅವರ ರೋಗ ನನಗೂ ಅಂಟಿರಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ನನ್ನ ಕೈ ಸರಿಯಿಲ್ಲ ಎಂದಾಗುತ್ತದಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು, ಸೈನಬ ಸಿಸ್ಟರಿಗೆ ಕಣ್ಣಲ್ಲೇ ಹೇಳಿ, ಒಳಗೆ ನುಗ್ಗಿದೆ. ಅಪ್ಪ ಒಂದು ಕೈಗೆ ನಳಿಗೆ ಸಿಕ್ಕಿಸಿಕೊಂಡು ಸೀಲಿಂಗ್ ನೋಡುತ್ತ ಮಲಗಿದ್ದರು.

“ಅಪ್ಪಾ, ಇದನ್ನು ಒಮ್ಮೆ ಒತ್ತಿ.”

“ಎಂತ ಇದು?”

“ಅಂಗಡಿ ಬಾಗಿಲು. ಹಿರಿಯರ ಕೈಯಿಂದ ತೆಗೀಲಿ.”

“ನನ್ನ ಕೈಯಿಂದಲಾ? ಯಾರೂ ಸಿಗಲಿಲ್ವಾ ನಿನಗೆ?” ಎಂದು ಗೊಣಗುತ್ತ, ಬಿಡುವಾಗಿದ್ದ ಕೈಯ ತೋರುಬೆರಳಿನಿಂದ ಒತ್ತಿದರು. ಒತ್ತಿ, ಅಭ್ಯಾಸಬಲದಿಂದ, ಬಸ್ಸು ಹೊರಡಿಸುವ ಹಾಗೆ ಗಟ್ಟಿಯಾಗಿ, “ರೈಟ್, ಪೋಯಿ!” ಎಂದರು. ಪಕ್ಕದ ಮಂಚದವರು ಬೆಚ್ಚಿ ಎದ್ದರು. ಸೈನಬ ಸಿಸ್ಟರ್ ನಮ್ಮಿಬ್ಬರನ್ನೂ ಬೈದರು.

ಮೊದಲ ಬಿಲ್ಲು ಸೈನಬರ ಕೇಂದ್ರದ ಕ್ಯಾನುಗಳದ್ದು. ಅದು ಹೊರಟ ಮೇಲೆ ನನಗೆ ತಲೆಯೆತ್ತಲು ಪುರಸೊತ್ತಾಗಲಿಲ್ಲ. ಸುತ್ತಲಿನ ಬೇರೆ ಏಜೆನ್ಸಿಗಳಲ್ಲಿ ಕೆಲವರ ಕಂಪ್ಯೂಟರೇ ನೀರು ಕುಡಿದಿತ್ತು, ಕೆಲವರ ಆಳುಗಳು ಬಂದಿರಲಿಲ್ಲ. ಅವರ ಗಿರಾಕಿಗಳೂ ನಮಗೇ ಫೋನ್ ಮಾಡಿದರು. ಲತೇಶ ಮಿಜಾರಿನಿಂದ ಆರ್ಡರು ಬರೆದುಕೊಂಡ, ನಾನು ಬಿಲ್ಲು ಕಳಿಸಿದೆ, ಶೇಖರ ಗಾಡಿ ತುಂಬಿಸಿದ. ಕನ್ಯಾನದವನೊಬ್ಬ ಡ್ರೈವರ್, ಊರಿಗೆ ಹೋಗಲಾಗದೆ ಗೋದಾಮಿನಲ್ಲಿ ಉಳಿದವನು, ವೇಣೂರು ದಾರಿಯಲ್ಲಿ ಉಜಿರೆಗೆ ಹೋಗಿ ಬಂದು ಪುನಃ ಹೊರಟ. ಮಧ್ಯಾಹ್ನದ ಪಾಳಿಯ ಹೊತ್ತಿಗೆ ಕ್ಯಾನುಗಳು ಬಂದವು. ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಹೋಗುವಾಗ ಒಬ್ಬರು, “ನಿಮ್ಮ ಸಿನೆಮಾ ಇನ್ನೂ ಮುಗೀಲಿಲ್ವಾ?” ಎಂದು ಕೇಳಿದರು. ನಾನು ಬೈಯಲಿಲ್ಲ ಎನ್ನುವುದನ್ನು ದೇವರು ಲೆಕ್ಕಕ್ಕೆ ಹಿಡಿಯಲಿ.

ಅಪ್ಪನನ್ನು ಮನೆಗೆ ತಂದು ಮಲಗಿಸಿ, ಅಲ್ಲಿಂದಲೇ ಬಿಲ್ಲು ಮುಂದುವರಿಸಿದೆ. ಸಂಜೆ ರಮಾನಾಥಣ್ಣನ ಫೋನು. ಪಕ್ಕದ ಮನೆಯ ಇನ್ವರ್ಟರಿನಲ್ಲಿ ಚಾರ್ಜ್ ಮಾಡಿಸಿ, ದಿನದ ವ್ಯಾಪಾರವನ್ನೆಲ್ಲ ನೋಡಿದ್ದರು. ಮೊದಲ ಪ್ರಶ್ನೆಯೇ ಅದು.

“ಯಾರ ಕೈಯಿಂದ ತೆಗೆಸಿದೆ?”

ಸುಳ್ಳು ಹೇಳುವ ತ್ರಾಣ ಇರಲಿಲ್ಲ. “ನನ್ನ ಅಪ್ಪನ ಕೈಯಿಂದ.”

“ಕಂಡಕ್ಟರ್ ಮಾಯಿಲಪ್ಪಣ್ಣ?”

“ಹೌದು.”

ಅಷ್ಟು ಕೇಳಿದ್ದೇ ಫೋನು ಇಟ್ಟರು. ಕೆಲಸ ಹೋಯಿತು ಎಂದುಕೊಂಡೆ.

ನೀರು ಇಳಿದ ಮೇಲೆ ಎಲ್ಲರನ್ನೂ ಆಫೀಸಿಗೆ ಕರೆಸಿದರು. ಗೋಡೆಯಲ್ಲಿ ಎದೆಮಟ್ಟಕ್ಕೆ ಕೆಸರಿನ ಗೆರೆ, ನೆಲದಲ್ಲಿ ಜಾರು. ಶೇಖರ ಕೈಯಲ್ಲಿ ಹಿಡಿಸೂಡಿಯನ್ನೇ ಹಿಡಿದು ನಿಂತಿದ್ದ. ಗಣಪತಿಗೆ ದೀಪ ಹಚ್ಚಿ ರಮಾನಾಥಣ್ಣ ಗಂಟಲು ಸರಿಪಡಿಸಿಕೊಂಡರು.

“ಮೊನ್ನೆ ಆದಷ್ಟು ವ್ಯಾಪಾರ ನಮ್ಮಲ್ಲಿ ಯಾವತ್ತೂ ಆಗ್ಲಿಲ್ಲ. ಅದೂ ಅಂಥ ದಿನ. ನಾನು ಜೋಯಿಸರಲ್ಲಿ ಪುನಃ ಕೇಳಿಸಿದೆ. ಮಾಯಿಲಪ್ಪಣ್ಣನ ಕೈಗುಣ ಭಾರಿ ಒಳ್ಳೆದು ಅಂತ ಹೇಳಿದ್ರು. ಇನ್ನು ದಿನಾ ಮೊದಲ ಬಿಲ್ಲು ಅವರ ಕೈಯಿಂದಲೇ ಆಗಲಿ. ಆದ ಕಾರಣ ದಮಯಂತಿ ಇನ್ನು ಮನೆಯಿಂದಲೇ ಕೆಲಸ ಮಾಡುವುದು. ಉಳಿದವರೆಲ್ಲ ಒಂದನೇ ತಾರೀಕಿನಿಂದ ಆಫೀಸಿಗೆ.”

ನನಗೆ ಬೇಕಾದದ್ದು ಸಿಕ್ಕಿತು. ಸಿಕ್ಕಿದ ರೀತಿಗೆ ಮೈಯೆಲ್ಲ ಉರಿಯಿತು.

“ಅಣ್ಣಾ,” ಎಂದೆ, “ಆ ದಿನ ಆರ್ಡರು ಹಿಡಿದದ್ದು ಲತೇಶ, ಅವನ ಮನೆಯಲ್ಲಿ ಕೂತು. ಗಾಡಿ ಕಳಿಸಿದ್ದು ಶೇಖರ. ಬಿಲ್ಲು ಮಾಡಿದ್ದು ನಾನು, ಆಸ್ಪತ್ರೆ ಬೆಂಚಿನಲ್ಲಿ. ಎಲ್ಲರೂ ಒಂದೇ ಕಡೆ ಇರ್ಲಿಲ್ಲ, ಅದಕ್ಕೇ ಏಜೆನ್ಸಿ ಉಳಿದದ್ದು. ಅಪ್ಪ ಒಂದು ಗುಂಡಿ ಒತ್ತಿದ್ದು ಅಷ್ಟೆ.”

“ಹೌದೌದು,” ಎಂದರು ರಮಾನಾಥಣ್ಣ, ತುಂಬ ಗೌರವದಿಂದ ತಲೆಯಾಡಿಸುತ್ತ. “ಅದೂ ಉಂಟು.”

ಶೇಖರ ಕೆಸರು ಗುಡಿಸಲು ಶುರುಮಾಡಿದ. ಅವರ ಜೊತೆ ಇನ್ನೇನು ಮಾತಾಡುವುದು? ಬಸ್ಸು ಹತ್ತಿ ಮನೆಗೆ ಬಂದೆ. ಸಿದ್ಧಕಟ್ಟೆ ಬರುವವರೆಗೂ ಮನಸ್ಸಿನಲ್ಲೇ ಬೈಯುತ್ತಿದ್ದೆ. ಇಷ್ಟು ವರ್ಷ ನಾನು ಬೆವರು ಸುರಿಸಿ ಗಳಿಸಲಾಗದ ನಂಬಿಕೆಯನ್ನು ಅಪ್ಪನ ಒಂದು ಬೆರಳು ಒಂದೇ ಒತ್ತಿಗೆ ಗಳಿಸಿತಲ್ಲ!

ಅಪ್ಪನಿಗೆ ಹೇಳುವಾಗಲೂ ಸಿಟ್ಟಿನಿಂದಲೇ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಆಮೇಲೆ ಇದ್ದಕ್ಕಿದ್ದಂತೆ ಗಂಭೀರರಾದರು.

“ಅಂದ್ರೆ ನಾನು ಇರುವವರೆಗೆ ನಿನಗೆ ಈ ಮನೆಯಿಂದ ಮಾಡುವ ಕೆಲಸ ಉಂಟು.”

“ಅಂದ್ರೆ?”

“ನಾನು ಹೋದ್ರೆ ನೀನು ಬಂಟ್ವಾಳ ಬಸ್ಸು ಹತ್ತಬೇಕು.”

ನೀವು ಹೋದ ಮೇಲೆ ನನಗೆ ಮನೆಯಲ್ಲಿ ಯಾಕೆ ಕೆಲಸ ಅಪ್ಪಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಒಳಗೆ ಹೋಗಿ ಚಹಾಕ್ಕಿಟ್ಟೆ.

ಮರುದಿನ ನಾನು ಏಳುವಾಗ ಅಪ್ಪ ಆಗಲೇ ಸ್ನಾನ ಮುಗಿಸಿದ್ದರು. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ತಲೆ ಬಾಚಿ, ಮುಚ್ಚಿದ ಲ್ಯಾಪ್‌ಟಾಪಿನೆದುರು ಕುರ್ಚಿ ಎಳೆದು ಕುಳಿತಿದ್ದರು. ಗುಂಡಿ ತೋರಿಸಿದೆ, ಒತ್ತಿದರು. ಸರಿಯಾಗಿ ಒತ್ತಿದೆನಾ ಎಂದು ಎರಡೆರಡು ಸಲ ಕೇಳಿದರು. ನಾನು ಬಿಲ್ಲು ಶುರು ಮಾಡಿದ ಮೇಲೂ ಪಕ್ಕದಿಂದ ಏಳಲಿಲ್ಲ.

“ನಾಳೆ ಡಯಾಲಿಸಿಸ್ ಅಲ್ವಾ?” ಎಂದರು.

ಇವತ್ತು ಬೇಡ, ನಾಡಿದ್ದು ನೋಡುವ, ಎಂಬ ಹಳೆಯ ಜಗಳಕ್ಕೆ ನಾನು ಸಜ್ಜಾದೆ. “ಹೌದು. ಯಾಕೆ?”

“ಬೇಗ ಹೊರಡುವ. ಆ ಸೈನಬ ಸಿಸ್ಟರ್ ತಡ ಮಾಡಿದ್ರೆ ಬೈತಾರೆ,” ಎಂದು ಹೇಳಿ, ತಮ್ಮ ಚಪ್ಪಲಿಯನ್ನು ಹುಡುಕಿ ತಂದು ಬಾಗಿಲ ಬಳಿ ಜೋಡಿಸಿಟ್ಟರು.